ಗಾದಿಯದೇನೂ ತಪ್ಪಿಲ್ಲ

"ನಿನ್ನ ಅರಳೆಯಲ್ಲೇ ಇದ್ದವು ಖಾಸೀಂಬಿ" ಅಂತ
ಗಾದಿಯನ್ನು ನನ್ನ ಹೊಸ್ತಿಲಿಗೆ ಒಗೆದು ಹೋದರು
ನಿಟ್ಟುವಳ್ಳಿಯ ಕರಿಬಸಪ್ಪ ಮೇಷ್ಟ್ರು.
ಹೋಗಲಿ. ಸಿಟ್ಟು ಬಂದಾಗ ದಬ್ಬಳ ಮುಟ್ಟಬಾರದು,
ನಮ್ಮಪ್ಪ ಹಿಂಜುವ ಬಿಲ್ಲು ಬದಿಗಿಟ್ಟು ಹೇಳುತ್ತಿದ್ದ ಮಾತು.

ಒಳಗೆಳೆದುಕೊಂಡು ಬಿಚ್ಚಿದೆ.
ಹದಿನೈದು ಕೇಜಿ ಹತ್ತಿ, ನಾನೇ ತುಂಬಿದ್ದು,
ನಡುಮಧ್ಯ ಮಂಡಕ್ಕಿ ಹಂಗೆ ಬೆಳ್ಳಗಿತ್ತು, ಒಂದು ಹುಳ ಇಲ್ಲ.
ಅಂಚಿನ ಮಡಿಕೆಯಲ್ಲಿ ಮಾತ್ರ, ಹೊಲಿಗೆಯ ಉದ್ದಕ್ಕೂ,
ಯಾರೋ ಪೆನ್ನಿನ ಮೊನೆ ಒತ್ತಿ ಒತ್ತಿ
ಕಿರಾಣಿ ಲೆಕ್ಕ ಬರೆದಂತೆ ಕರೀ ಚುಕ್ಕಿ,
ಪಕ್ಕದಲ್ಲಿ ಊದಿದರೆ ಹಾರುವ ಸಿಪ್ಪೆ.
ಒಳಗೆ ಹುಟ್ಟಿದವಲ್ಲ, ಮೇಷ್ಟ್ರೇ,
ಹೊರಗಿಂದ ಬಂದು ಅಂಚು ಹಿಡಿದವು.

ಮರುದಿನ ಟಾರ್ಚು ಹಿಡಿದು ಅವರ ಮನೆಗೇ ಹೋದೆ.
ಶಾಂತವೀರಮ್ಮ ಮೊದಲು ಕಿಟಕಿ ಹಾಕಿದರು,
ಆಮೇಲೆ ದನಿ ತಗ್ಗಿಸಿದರು:
"ದಿನಾ ಫಿನಾಯಿಲ್ ಹಾಕಿ ಒರೆಸ್ತೀನಿ ಕಣೇ,
ನಮ್ಮಂಥೋರ ಮನೆಗೆ ಹೆಂಗೆ?"
"ಅವು ಕಸ ನೋಡಿ ಬರಲ್ಲವ್ವಾ,
ಉಸಿರು ಹುಡುಕಿ ಬರ್ತಾವೆ.
ಹಾರಲ್ಲ, ಜಿಗಿಯಲ್ಲ, ರೆಕ್ಕೆ ಇಲ್ಲ ಪಾಪ,
ಯಾರಾದರೂ ಹೊತ್ತು ತರಬೇಕು."

ಯಾರು ಹೊತ್ತು ತಂದರು?
ಪೊಲೀಸಿನವಳ ಹಾಗೆ ಕೂತು ಕೇಳಿದೆ.
ತಂಗಿಯ ಮಗನ ಮದುವೆ, ಹುಬ್ಬಳ್ಳಿ, ಲಾಡ್ಜಿನಲ್ಲಿ ಎರಡು ರಾತ್ರಿ.
ಸೂಟ್‌ಕೇಸು ಎಲ್ಲಿಟ್ಟಿದ್ದಿರಿ? ಹಾಸಿಗೆ ಮೇಲೆ.
ಬಂದ ದಿನ? ಮಂಚದ ಕೆಳಗೆ, ಹಂಗೇ, ಬಿಚ್ಚದೆ.
ಮಗಳ ಹಾಸ್ಟೆಲ್ ಟ್ರಂಕು? ಅದರ ಪಕ್ಕ.
ಈ ತೇಗದ ಮಂಚ?
"ಬಾಡಿಗೆ ಹುಡುಗರು ಬಿಟ್ಟು ಹೋಗುವಾಗ ಸೋವಿ ಸಿಕ್ತು" ಅಂದು
ಮೇಷ್ಟ್ರು ಕನ್ನಡಕ ಒರೆಸಿದರು.

ಮಂಚ ಮಗುಚಿದೆ. ಮೊಳೆ ಕಿತ್ತ ತೂತಿನಲ್ಲಿ
ಸಂಸಾರವೇ ಇತ್ತು: ಮುದುಕಿ, ಬಾಣಂತಿ,
ಗಂಜಿ ಬಣ್ಣದ ಮರಿ, ನುಚ್ಚಿಗಿಂತ ಸಣ್ಣ ಮೊಟ್ಟೆ.
ತಿಂಗಳುಗಟ್ಟಲೆ ಉಪವಾಸ ಕೂರುತ್ತವಂತೆ.
ಮೂವತ್ತು ರೋಜಾಕ್ಕೇ ಸುಸ್ತಾಗುವವಳು ನಾನು.

ಹೇಳಿದ್ದು ಇಷ್ಟು:
ಬಟ್ಟೆ ಕುದಿನೀರಿಗೆ. ಮಂಚದ ಸಂದಿಗೆ ಕೆಟಲಿನ ಬಾಯಿ.
ಗೋಡೆಯ ಬಿರುಕಿಗೆ ಸಿಮೆಂಟು.
ಮಂಚ ಗೋಡೆಗೆ ತಾಗಬಾರದು, ಚಾದರ ನೆಲಕ್ಕೆ ತಾಗಬಾರದು,
ಕಾಲುಗಳ ಕೆಳಗೆ ಸೋಪಿನ ನೀರಿನ ಬಟ್ಟಲು.
ಎರಡು ವಾರ ಬಿಟ್ಟು ಮತ್ತೆ ಅಷ್ಟೂ,
ಯಾಕಂದರೆ ಮೊಟ್ಟೆಗೆ ನಿಮ್ಮ ಗಡಿಬಿಡಿ ಗೊತ್ತಿಲ್ಲ.
ಇನ್ನು ಮೇಲೆ ಊರಿಂದ ಬಂದ ಪೆಟ್ಟಿಗೆ
ಬಿಸಿಲಲ್ಲೇ ಬಾಯಿ ಬಿಡಲಿ.
ಬರೀ ಔಷಧಿ ಹೊಡೆದರೆ ಪಕ್ಕದ ಮನೆಗೆ ವಲಸೆ,
ಪಕ್ಕದವರು ಹೊಡೆದರೆ ವಾಪಸ್ಸು.
"ಅವರಿಗೂ ಹೇಳಿಬಿಡಿ" ಅಂದೆ.
ಶಾಂತವೀರಮ್ಮ ಕಿಟಕಿಯ ಚಿಲಕ ಮತ್ತೊಮ್ಮೆ ನೋಡಿದರು.

ಖಾರಮಂಡಕ್ಕಿ ಕೊಟ್ಟರು, ಜೊತೆಗೆ ಎರಡು ಮೆಣಸಿನಕಾಯಿ.
ತಪ್ಪಾಯಿತು ಅನ್ನಲಿಲ್ಲ ಮೇಷ್ಟ್ರು.
ಮಂಡಕ್ಕಿಯಲ್ಲೇ ಅದಿರಬೇಕು ಅಂತ ತಿಂದು ಬಂದೆ.

ಗುರುವಾರ ರಾತ್ರಿ ಮೊಮ್ಮಗ ದಾದಾಪೀರ
ನಿದ್ದೆಯಲ್ಲೇ ಪಕ್ಕೆ ಕೆರೆದುಕೊಂಡ.
ದೀಪ ಹಾಕಿದೆ. ಸಾಲಾಗಿ ಮೂರು ದದ್ದು.

ಬಾಷಾನಗರದ ಒಂದೇ ಕೋಣೆ,
ಆರು ಜನ, ಎಂಟು ಕೌದಿ, ಗಿರಾಕಿಗಳ ನಾಲ್ಕು ಗಾದಿ.
ಅಷ್ಟು ಪ್ರಶ್ನೆ ಕೇಳಿ ಬಂದವಳು
ಒಂದನ್ನು ಕೇಳಿಕೊಂಡಿರಲಿಲ್ಲ:
ಆ ಗಾದಿಯನ್ನು ಎಲ್ಲಿ ಬಿಚ್ಚಿದೆ, ಖಾಸೀಂಬಿ?
ರಸ್ತೆಯಿತ್ತು, ದಾವಣಗೆರೆಯ ಏಪ್ರಿಲ್ ಬಿಸಿಲಿತ್ತು.
ನನ್ನ ಹೊಲಿಗೆ ಗೆದ್ದದ್ದನ್ನು ನೋಡಲು
ಮನೆಯೊಳಗಿನ ಚಾಪೆಯೇ ಬೇಕಾಯಿತು.

ಹಂಡೆಗೆ ನೀರಿಟ್ಟೆ.
ಬೆಳಿಗ್ಗೆ ಪಕ್ಕದ ಜೈತುನ್ ಕೇಳಿದಳು,
"ಏನ್ ಖಾಲಾ, ಇವತ್ತು ಇಷ್ಟೊಂದು ಒಗೆಯೋದು?"
"ಹಬ್ಬ ಬರ್ತೈತಲ್ಲ" ಅಂದೆ.
ಯಾವ ಹಬ್ಬವೂ ಇರಲಿಲ್ಲ.
ಅವಳ ಹಗ್ಗದ ಮೇಲೂ ಆಗಲೇ ಏಳು ಚಾದರ,
ಹಬೆಯಾಡುತ್ತಾ.

ನಾನೂ ಕೇಳಲಿಲ್ಲ.